ಮೇಜಿನ ಕೆಳಗಿನ ಬ್ಯಾಟರಿ ರೂಮು

ಹಳೇ ಲ್ಯಾಂಡ್‌ಲೈನ್ ಫೋನು ನೆನಪಿದೆಯಾ? ಇಡೀ ಏರಿಯಾದಲ್ಲಿ ಕರೆಂಟ್ ಹೋಗಿದ್ರೂ ಅದು ಮಾತ್ರ ಟ್ರಿಣ್ ಟ್ರಿಣ್ ಅಂತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿಗಳಿಗೇ ಅಂತ ಒಂದು ಕೋಣೆ ಇರುತ್ತಿತ್ತು. ತಲಾ 2 ವೋಲ್ಟಿನ 24 ಸೆಲ್‌ಗಳನ್ನು ಸಾಲಾಗಿ ಜೋಡಿಸಿ, 48 ವೋಲ್ಟ್ ಮಾಡಿ, ಊರಿನ ಫೋನುಗಳಿಗೆಲ್ಲ ಅಲ್ಲಿಂದಲೇ ವಿದ್ಯುತ್ ಕಳಿಸುತ್ತಿದ್ದರು. ನಿಮ್ಮ ಮೇಜಿನ ಕೆಳಗೆ ಕೂತು, ಕರೆಂಟ್ ಹೋದಾಗ ಬೀಪ್ ಬೀಪ್ ಅನ್ನೋ ಯುಪಿಎಸ್ ಆ ಕೋಣೆಯ ಮರಿಮಗ. 'ಇನ್ನೊಂದು ಬ್ಯಾಟರಿ ಸೇರಿಸಿದ್ರೆ ಎರಡು ಗಂಟೆ ಬರುತ್ತಲ್ವಾ' ಅಂತ ಲೆಕ್ಕ ಹಾಕೋ ಮುನ್ನ ಈ ವಂಶದ ಕಥೆ ಸ್ವಲ್ಪ ತಿಳ್ಕೊಂಡಿರೋದು ಒಳ್ಳೇದು.

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಚಾಪೆಯ ಹಾಗೆ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ಬ್ಯಾಟರಿಗಳು ಖಾಲಿಯಾದರೆ ಮುಗೀತು. ಇದನ್ನು ಮತ್ತೆ ಮತ್ತೆ ಚಾರ್ಜ್ ಮಾಡಬಹುದಿತ್ತು. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡನ್ನು ಪೇಸ್ಟ್ ಮಾಡಿ ಫಲಕಕ್ಕೆ ಬಳಿಯುವ ವಿಧಾನ ಕಂಡುಹಿಡಿದ ಮೇಲೆ ಇದು ಕಾರ್ಖಾನೆಯ ಸರಕಾಯಿತು. ಮನೆಯ ಬಹುತೇಕ ಯುಪಿಎಸ್‌ಗಳಲ್ಲಿ ಇವತ್ತಿಗೂ ಇರೋದು ಅದೇ ಸೀಸ, ಅದೇ ಆಮ್ಲ.

ಆ ಕಾಲದ ಬ್ಯಾಟರಿ ಕೋಣೆಗಳಿಗೆ ಒಬ್ಬ ಆಳು ಬೇಕೇ ಬೇಕಿತ್ತು. ಪ್ರತಿ ಸೆಲ್ಲಿನ ಆಮ್ಲದ ಸಾಂದ್ರತೆ ಅಳೆದು ಬರೆದಿಡೋದು, ಡಿಸ್ಟಿಲ್ಡ್ ವಾಟರ್ ಹಾಕೋದು, ಸೊರಗಿದ ಸೆಲ್ಲನ್ನು ಗುರುತಿಸೋದು ಅವನ ಕೆಲಸ. 1957ರಲ್ಲಿ ಜರ್ಮನಿಯ ಸೊನ್ನೆನ್‌ಶೈನ್ ಕಂಪನಿಯ ಆಟೋ ಯಾಖೆ ಆಮ್ಲವನ್ನು ಜೆಲ್ ಮಾಡಿದ. 1970ರ ದಶಕದಲ್ಲಿ ಅಮೆರಿಕದ ಗೇಟ್ಸ್ ಕಂಪನಿ ಆಮ್ಲವನ್ನು ಗಾಜಿನ ನಾರಿನ ಚಾಪೆಯೊಳಗೆ ಇಂಗಿಸಿತು. ನೀರು ಹಾಕೋ ತಾಪತ್ರಯ ತಪ್ಪಿತು, ಬ್ಯಾಟರಿ ಸೀಲ್ ಆಗಿ ಮನೆಯೊಳಗೆ ಬಂತು. ಎಪಿಸಿ ಕಂಪನಿ ತನ್ನ ಮೊದಲ ಯುಪಿಎಸ್ ತಂದದ್ದು 1984ರಲ್ಲಿ. ನಮ್ಮಲ್ಲಂತೂ ಮಳೆ ಕೈಕೊಟ್ಟರೆ ಕರೆಂಟೂ ಕೈಕೊಡುತ್ತೆ. ಶಿವನಸಮುದ್ರದ ನೀರಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿದ ಕಾಲದಿಂದ ಬಂದ ನಂಟು ಅದು. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಕಂಪ್ಯೂಟರ್ ಮನೆಗೆ ಬಂದಾಗ ಜೊತೆಗೆ ಯುಪಿಎಸ್ಸೂ ಬಂತು. ಬರದೇ ಇದ್ದವನು ಆ ಆಳು. ಅವನ ಕೆಲಸ ಮಾತ್ರ ಪೂರ್ತಿ ಮಾಯ ಆಗಲಿಲ್ಲ, ನಮ್ಮ ತಲೆಗೆ ಬಂತು.

ಮೊದಲನೇದು ಲೆಕ್ಕದ ಕೆಲಸ. ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಇರುತ್ತೆ. ಗುಣಿಸಿದರೆ 84 ವ್ಯಾಟ್-ಅವರ್. ನಿಮ್ಮ ಕಂಪ್ಯೂಟರ್ 150 ವ್ಯಾಟ್ ತಿಂದರೆ ಕಾಗದದ ಮೇಲೆ 33 ನಿಮಿಷ ಬರಬೇಕು. ಬರೋದು ಹತ್ತು-ಹನ್ನೆರಡು ನಿಮಿಷ. ಅಂಗಡಿಯವರು ಮೋಸ ಮಾಡಿಲ್ಲ. ಡಬ್ಬದ ಮೇಲಿನ '7' 20 ಗಂಟೆ ನಿಧಾನಕ್ಕೆ ಖಾಲಿ ಮಾಡಿದರೆ ಸಿಗೋ ಅಳತೆ. ಸೀಸದ ಬ್ಯಾಟರಿಯಿಂದ ಎಷ್ಟು ಜೋರಾಗಿ ಎಳೀತೀರೋ ಅಷ್ಟು ಕಡಿಮೆ ಕೊಡುತ್ತೆ ಅಂತ ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ 1897ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಹಾಗಾಗಿ ಅಂಥದೇ ಇನ್ನೊಂದನ್ನು ಸಮಾಂತರವಾಗಿ ಸೇರಿಸಿದರೆ ಒಂದೊಂದರ ಮೇಲಿನ ಹೊರೆ ಅರ್ಧವಾಗಿ, ಸಮಯ ಎರಡು ಪಟ್ಟಿಗಿಂತ ಜಾಸ್ತಿ ಸಿಗುತ್ತೆ.

ಹಾಗಂತ ಕಾರಿನ ಬ್ಯಾಟರಿಯಷ್ಟು ದೊಡ್ಡದನ್ನು ವೈರ್ ಎಳೆದು ಕಟ್ಟಿಬಿಡೋದಾ? ಬೇಡ. ಚಿಕ್ಕ ಯುಪಿಎಸ್‌ನ ಒಳಗಿನ ಭಾಗಗಳನ್ನು ಲೆಕ್ಕ ಹಾಕಿರೋದು ಕೆಲವೇ ನಿಮಿಷಗಳ ಓಟಕ್ಕೆ. ಗಂಟೆಗಟ್ಟಲೆ ಓಡಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಕಾದು ಕೆಂಡವಾಗುತ್ತೆ, ಹೊತ್ತಿಕೊಳ್ಳಲೂಬಹುದು. ಅದರ ಚಾರ್ಜರ್ ಕೊಡೋದೂ ಹೆಚ್ಚೆಂದರೆ ಒಂದು ಆಂಪಿಯರ್ ಅಂತಿಟ್ಕೊಳ್ಳಿ. 100 ಆಂಪಿಯರ್-ಅವರ್ ಬ್ಯಾಟರಿ ತುಂಬೋಕೆ ನಾಲ್ಕು ದಿನಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಕರೆಂಟ್ ಮತ್ತೆರಡು ಸಲ ಹೋಗಿರುತ್ತೆ. ಗಂಟೆಗಳ ಬ್ಯಾಕಪ್ ಬೇಕಿದ್ದರೆ ಮನೆಯ ಇನ್ವರ್ಟರ್, ಇಲ್ಲವೇ ಹೊರಗಿನ ಬ್ಯಾಟರಿಗೆಂದೇ ಕನೆಕ್ಟರ್ ಕೊಟ್ಟಿರುವ ಯುಪಿಎಸ್ ತಗೊಳ್ಳಿ. ಬರೀ ವೈಫೈ ರೌಟರ್ ನಡೆದರೆ ಸಾಕು ಅನ್ನೋದಾದರೆ ಹೊಸ ಬ್ಯಾಟರಿಯೂ ಬೇಡ. ಹೊರೆ ಹಗುರವಾದರೆ ಪಾಯ್ಕರ್ಟ್ ನಿಮ್ಮ ಕಡೆಗೇ ಇರ್ತಾನೆ.

ಎರಡನೇದು ಜೋಡಿ ಕಟ್ಟೋ ಕೆಲಸ. ಎರಡು ಬ್ಯಾಟರಿ ಸಾಲಾಗಿರೋ 24 ವೋಲ್ಟಿನ ಯುಪಿಎಸ್‌ನಲ್ಲಿ ಒಂದು ಹಾಳಾದರೆ ಎರಡನ್ನೂ ಬದಲಾಯಿಸಿ. ಹಳೇದು ಬೇಗ ಸೋತು ಹೊಸದನ್ನೂ ಹಾಳು ಮಾಡುತ್ತೆ. ಹಾಕಿದ ತಿಂಗಳು, ವರ್ಷ ಬ್ಯಾಟರಿ ಮೇಲೇ ಮಾರ್ಕರ್‌ನಲ್ಲಿ ಬರೀರಿ. ಗಾಳಿ ಆಡೋ ಜಾಗದಲ್ಲಿ ಇಡಿ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತೆ.

ಕೊನೇದು ಹಳೇ ಬ್ಯಾಟರಿಯನ್ನು ಸಾಗಹಾಕೋ ಕೆಲಸ. ಅದರ ತೂಕದ ಬಹುಪಾಲು ಸೀಸ. ಹಿತ್ತಲಲ್ಲಿ ಒಲೆ ಹಾಕಿ ಅದನ್ನು ಕರಗಿಸೋ ಕಡೆ ಹೊಗೆ, ಧೂಳು ಸೇರೋದು ಅಲ್ಲೇ ಆಡೋ ಮಕ್ಕಳ ರಕ್ತಕ್ಕೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡೋ ಹಾನಿ ಸರಿಹೋಗೋದಿಲ್ಲ. 2001ರ ಬ್ಯಾಟರಿ ನಿಯಮಗಳು ಹಳೇದನ್ನು ಡೀಲರ್‌ಗೆ ಅಥವಾ ಗೊತ್ತುಪಡಿಸಿದ ಕೇಂದ್ರಕ್ಕೆ ಒಪ್ಪಿಸೋ ಹೊಣೆಯನ್ನು ಗ್ರಾಹಕರ ಮೇಲೇ ಹೊರಿಸಿದವು. 2022ರಲ್ಲಿ ಬಂದ ಹೊಸ ನಿಯಮಗಳಲ್ಲೂ ನಮ್ಮ ಹೊಣೆ ತಪ್ಪಿಲ್ಲ. ಗುಜರಿಯವನು ಐವತ್ತು ರೂಪಾಯಿ ಜಾಸ್ತಿ ಕೊಡ್ತೀನಿ ಅಂದ್ರೂ, ಹೊಸದು ಕೊಂಡ ಅಂಗಡಿಗೇ ಹಳೇದನ್ನು ಕೊಟ್ಟು ರಸೀದಿ ಇಸ್ಕೊಳ್ಳಿ.