ಪುಕ್ಕಟೆ ಕರೆಯ ಹಿಂದಿನ ಸದ್ದಿಲ್ಲದ ಕೆಲಸ

ಭದ್ರಾವತಿಯ ಕಾಗದನಗರದ ಹೆಸರನ್ನು ನೀವು ಕೇಳಿರಬಹುದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಸುತ್ತ ಬೆಳೆದ ಊರು ಅದು. ಅಲ್ಲಿ ತಯಾರಾದ ಕಾಗದದ ಮೇಲೆ ನಮ್ಮಲ್ಲಿ ಎಷ್ಟೋ ಮಂದಿ ಅಕ್ಷರ ಕಲಿತಿದ್ದೇವೆ, ಪತ್ರ ಬರೆದಿದ್ದೇವೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ನನ್ನ ಪರಿಚಯದ ಹಿರಿಯರೊಬ್ಬರು ಭಾನುವಾರಗಳಂದು ಸೈಬರ್ ಕೆಫೆಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ವಿದೇಶದಲ್ಲಿದ್ದ ಮಗನೊಂದಿಗೆ ಮಾತಾಡುತ್ತಿದ್ದರು. ಅದಕ್ಕೆ ಮೊದಲು ಐ.ಎಸ್.ಡಿ. ಬೂತಿನಲ್ಲಿ ನಿಮಿಷಕ್ಕೆ ಹತ್ತಾರು ರೂಪಾಯಿ ತೆತ್ತು, ಮೀಟರಿನ ಕೆಂಪು ಅಂಕಿಗಳನ್ನೇ ನೋಡುತ್ತ ಅವಸರದಲ್ಲಿ ಮಾತು ಮುಗಿಸುತ್ತಿದ್ದವರು ಅವರು. ಒಂದು ದಿನ ನನ್ನನ್ನು ಕೇಳಿದರು: "ಮೇಷ್ಟ್ರೇ, ಕಾಸು ತಗೊಳ್ದೆ ಮಾತಾಡೋಕೆ ಬಿಡ್ತಾರಲ್ಲ, ಅವರಿಗೇನು ಗಿಟ್ಟುತ್ತೆ?"

"ಅವರಿಗೆ ಹೆಚ್ಚು ಖರ್ಚೇ ಇಲ್ಲ, ಜನರ ಗಣಕಗಳೇ ಅವರ ಎಕ್ಸ್‌ಚೇಂಜ್" ಎಂದು ಉತ್ತರಿಸಿದೆ. ಉತ್ತರ ಸುಳ್ಳಲ್ಲ. ಆದರೆ ಅದರ ಒಳಗೇ ಇನ್ನೊಂದು ಪ್ರಶ್ನೆ ಅಡಗಿತ್ತು. ನಮ್ಮ ಗಣಕ ಇನ್ನೊಬ್ಬರ ಕೆಲಸ ಮಾಡುತ್ತಿದ್ದರೆ, ಅದು ಏನೇನು ಮಾಡುತ್ತಿದೆ ಎಂದು ನಮಗೆ ತಿಳಿಯುವುದು ಹೇಗೆ? ಅಂತರಜಾಲ ದೂರವಾಣಿಯ ಇತಿಹಾಸವನ್ನು ಈ ಪ್ರಶ್ನೆಯ ಜಾಡಿನಲ್ಲಿ ನೋಡೋಣ.

ಎಕ್ಸ್‌ಚೇಂಜ್ ಇಲ್ಲದ ದೂರವಾಣಿ

ಅಂಕೀಯ ದೂರವಾಣಿ ಜಾಲದಲ್ಲಿ ನಮ್ಮ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ದಾಖಲಿಸುತ್ತಾರೆ. ಅಂದರೆ ಸೆಕೆಂಡಿಗೆ 64,000 ಬಿಟ್‌ಗಳು. ಕರೆ ಮುಗಿಯುವವರೆಗೂ ಈ ಪ್ರವಾಹಕ್ಕೆ ಎಕ್ಸ್‌ಚೇಂಜ್ ಒಂದು ದಾರಿಯನ್ನು ಮೀಸಲಿಡುತ್ತಿತ್ತು. ಅಂತರಜಾಲದಲ್ಲಿ ಹಾಗಲ್ಲ. ಧ್ವನಿಯನ್ನು ಸಂಕ್ಷೇಪಿಸಿ, ಕೆಲವೇ ಹತ್ತು ಮಿಲಿಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿಗೂ ವಿಳಾಸ ಹಚ್ಚಿ ಪೊಟ್ಟಣಗಳಾಗಿ ಕಳುಹಿಸಲಾಗುತ್ತದೆ. ಮೀಸಲು ದಾರಿ ಬೇಕಿಲ್ಲ. ಅಗ್ಗವಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಅಂತರಜಾಲದ ಮೂಲಕ ಮಾತಾಡಲು ಸರ್ಕಾರದ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಿಂದ. ಮರುವರ್ಷ, 2003ರ ಆಗಸ್ಟ್‌ನಲ್ಲಿ, ಸ್ಕೈಪ್ ಎಂಬ ತಂತ್ರಾಂಶ ಹೊರಬಂತು. ಸ್ವೀಡನ್ನಿನ ನಿಕ್ಲಾಸ್ ಜೆನ್‌ಸ್ಟ್ರಮ್ ಮತ್ತು ಡೆನ್ಮಾರ್ಕಿನ ಯಾನುಸ್ ಫ್ರೀಸ್ ಅದರ ಸ್ಥಾಪಕರು. ತಂತ್ರಾಂಶವನ್ನು ಬರೆದವರು ಎಸ್ಟೋನಿಯಾದ ತಂತ್ರಜ್ಞರು. ಇದೇ ತಂಡ ಅದಕ್ಕೆ ಮೊದಲು ಕಡತಗಳನ್ನು ಹಂಚಿಕೊಳ್ಳುವ ಕಜಾ ಎಂಬ ತಂತ್ರಾಂಶವನ್ನು ರೂಪಿಸಿತ್ತು. ಅದರ ತತ್ತ್ವವೇ ಇಲ್ಲಿಗೂ ಬಂತು. ನಡುವೆ ದೊಡ್ಡ ಕೇಂದ್ರ ಬೇಡ, ಬಳಕೆದಾರರ ಗಣಕಗಳೇ ಒಂದಕ್ಕೊಂದು ನೆರವಾಗಲಿ ಎಂಬುದು ಆ ತತ್ತ್ವ.

ಇಲ್ಲೊಂದು ತೊಡಕಿತ್ತು. ಅನೇಕ ಗಣಕಗಳು ಕಚೇರಿಯ ಅಥವಾ ಮನೆಯ ರಕ್ಷಣಾ ಗೋಡೆಯ ಹಿಂದೆ ಇರುತ್ತವೆ. ಹೊರಗಿನಿಂದ ಅವುಗಳ ಕದ ತಟ್ಟಲು ಆಗದು. ಇದಕ್ಕೆ ಸ್ಕೈಪ್ ಕಂಡುಕೊಂಡ ಉಪಾಯವೇ 'ಸೂಪರ್‌ನೋಡ್'. ರಕ್ಷಣಾ ಗೋಡೆ ಇಲ್ಲದ, ಒಳ್ಳೆಯ ಸಂಪರ್ಕವಿರುವ ಗಣಕವೊಂದನ್ನು ತಂತ್ರಾಂಶ ತಾನೇ ಆರಿಸಿಕೊಂಡು, ಯಾರು ಎಲ್ಲಿದ್ದಾರೆ ಎಂದು ಹುಡುಕಿಕೊಡುವ ಕೆಲಸಕ್ಕೆ ಹಚ್ಚುತ್ತಿತ್ತು. ಇಬ್ಬರ ನಡುವೆ ನೇರ ದಾರಿ ಇಲ್ಲದಿದ್ದರೆ ಅವರ ಕರೆಯನ್ನು ಮೂರನೆಯವರ ಗಣಕದ ಮೂಲಕ ದಾಟಿಸುತ್ತಿತ್ತು. ಗಣಕದ ಯಜಮಾನನಿಗೆ ಪರದೆಯ ಮೇಲೆ ಇದರ ಸುಳಿವೇ ಇರುತ್ತಿರಲಿಲ್ಲ. ಆತ ಯಾರಿಗೂ ಕರೆ ಮಾಡದೆ ಕುಳಿತಿದ್ದರೂ ಮೋಡೆಮ್ಮಿನ ದೀಪ ಮಿನುಗಬಹುದಿತ್ತು. ಇದಕ್ಕೆ ಒಪ್ಪಿಗೆ ಪಡೆದಿರಲಿಲ್ಲವೇ? ಪಡೆದಿತ್ತು. ನಿಮ್ಮ ಗಣಕದ ಸಂಸ್ಕಾರಕವನ್ನೂ ಸಂಪರ್ಕವನ್ನೂ ಬಳಸಿಕೊಳ್ಳಲು ಅನುಮತಿಸಿದ್ದೀರಿ ಎಂದು ಪರವಾನಗಿ ಒಪ್ಪಂದದಲ್ಲಿ ಬರೆದಿತ್ತು. ಅದನ್ನು ಓದಿ 'ಒಪ್ಪಿದೆ' ಗುಂಡಿ ಒತ್ತಿದವರು ಎಷ್ಟು ಮಂದಿ?

ಕಪ್ಪು ಪೆಟ್ಟಿಗೆಯನ್ನು ಹೊರಗಿನಿಂದ ಅಳೆದವರು

ಸ್ಕೈಪ್‌ನ ಮೂಲ ಸಂಕೇತ ಬಹಿರಂಗವಾಗಿರಲಿಲ್ಲ. ಒಳಗೆ ಏನಿದೆ ಎಂದು ಕಾಣದಿದ್ದಾಗ ಭೌತವಿಜ್ಞಾನಿ ಏನು ಮಾಡುತ್ತಾನೆ? ಒಳಹೋಗುವುದನ್ನೂ ಹೊರಬರುವುದನ್ನೂ ಅಳೆಯುತ್ತಾನೆ. ರುದರ್‌ಫೋರ್ಡ್ ಪರಮಾಣುವಿನ ಬೀಜಕೇಂದ್ರವನ್ನು ಗುರುತಿಸಿದ್ದು ಚಿನ್ನದ ತಗಡಿನಿಂದ ಚದುರಿದ ಕಣಗಳನ್ನು ಎಣಿಸಿ. 2004ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಲ್ಮಾನ್ ಬಸೆತ್ ಮತ್ತು ಹೆನ್ನಿಂಗ್ ಶುಲ್ಜ್‌ರಿನ್ ಇದೇ ದಾರಿ ಹಿಡಿದರು. ಸ್ಕೈಪ್ ಕಳುಹಿಸುವ, ಪಡೆಯುವ ಪೊಟ್ಟಣಗಳನ್ನು ಜಾಲದಲ್ಲೇ ಹಿಡಿದು ನೋಡಿ, ಸೂಪರ್‌ನೋಡ್‌ಗಳ ವ್ಯವಸ್ಥೆಯನ್ನು ವಿವರಿಸಿದರು. 2006ರಲ್ಲಿ ಫ್ರಾನ್ಸಿನ ಫಿಲಿಪ್ ಬಿಯೊಂಡಿ ಮತ್ತು ಫ್ಯಾಬ್ರಿಸ್ ದೆಕ್ಲೋ ತಂತ್ರಾಂಶದ ಒಳಹೊಕ್ಕು, ಅದು ತನ್ನನ್ನು ಯಾರಾದರೂ ಪರೀಕ್ಷಿಸುತ್ತಿದ್ದಾರೆಯೇ ಎಂದು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ, ತನ್ನ ಸಂಕೇತವನ್ನು ಪದರ ಪದರವಾಗಿ ಮರೆಮಾಚಿದೆ ಎಂದು ತೋರಿಸಿದರು.

ಸೂಪರ್‌ನೋಡ್‌ಗಳ ಮಹತ್ತ್ವ ಎಲ್ಲರಿಗೂ ಅರಿವಾದದ್ದು 2007ರ ಆಗಸ್ಟ್ 16ರಂದು. ವಿಂಡೋಸ್‌ನ ಪರಿಷ್ಕರಣೆಯ ನಂತರ ಅಸಂಖ್ಯ ಗಣಕಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮರುಚಾಲನೆಗೊಂಡವು. ಸೂಪರ್‌ನೋಡ್ ಆಗಿದ್ದ ಗಣಕಗಳೂ ಅವುಗಳಲ್ಲಿದ್ದವು. ಮತ್ತೆ ಒಳಬರಲು ಎಲ್ಲವೂ ಒಟ್ಟಿಗೆ ಮುಗಿಬಿದ್ದಾಗ ನೆರವಿಗೆ ಸಾಕಷ್ಟು ಸೂಪರ್‌ನೋಡ್‌ಗಳಿರಲಿಲ್ಲ. ತಂತ್ರಾಂಶದಲ್ಲಿದ್ದ ದೋಷವೂ ಸೇರಿ ಸುಮಾರು ಎರಡು ದಿನ ಸೇವೆ ಕುಸಿಯಿತು.

ಎರಡು ಅನುಮಾನಗಳು, ಎರಡು ಉತ್ತರಗಳು

ಅದೇ 2007ರ ಎರಡು ಪ್ರಸಂಗಗಳನ್ನು ತರಗತಿಯಲ್ಲಿ ಹೇಳುವುದು ಉಪಯುಕ್ತ.

ಮೊದಲನೆಯದು: 64 ಬಿಟ್ ವಿಂಡೋಸ್ ಇದ್ದ ಗಣಕದಲ್ಲಿ ಸ್ಕೈಪ್ ತೆರೆದಾಗ ಒಂದು ದೋಷಸೂಚನೆ ಬಂತು. ಹಳೆಯ 16 ಬಿಟ್ ಮಾದರಿಯ ಪುಟ್ಟ ಕಡತವೊಂದು ಓಡಲು ಯತ್ನಿಸಿ ಸೋತಿತ್ತು. ಹಳೆಯ ಗಣಕಗಳಲ್ಲಿ ಅದು ಸದ್ದಿಲ್ಲದೆ ಓಡುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಬಿಡಿಸಿ ನೋಡಿದಾಗ, ಅದು ಗಣಕದ ಬಯಾಸ್ ಮಾಹಿತಿಯನ್ನು ಓದುತ್ತಿತ್ತು. ಅಂದರೆ ಯಂತ್ರವನ್ನು ಗುರುತು ಹಿಡಿಯಲು ನೆರವಾಗುವ ವಿವರ. ಹೆಚ್ಚುವರಿ ಸೌಲಭ್ಯಗಳ ನಕಲು ತಡೆಯಲು ಇನ್ನೊಂದು ಸಂಸ್ಥೆಯಿಂದ ಪಡೆದ ಭಾಗ ಅದು ಎಂದು ಸ್ಕೈಪ್ ಒಪ್ಪಿಕೊಂಡು, ಮುಂದಿನ ಆವೃತ್ತಿಯಲ್ಲಿ ಅದನ್ನು ತೆಗೆಯಿತು. ಅನುಮಾನ ನಿಜವಾಗಿತ್ತು.

ಎರಡನೆಯದು: ಲಿನಕ್ಸ್ ಬಳಸುವವರು, ಸ್ಕೈಪ್ 'ಪಾಸ್‌ವರ್ಡ್' ಕಡತವನ್ನು ಓದುತ್ತಿದೆ ಎಂದು ಗಾಬರಿಯಾದರು. ಹೆಸರು ಹಾಗಿದ್ದರೂ ಆಧುನಿಕ ಲಿನಕ್ಸ್‌ನಲ್ಲಿ ಆ ಕಡತದಲ್ಲಿ ಗುಪ್ತಪದಗಳೇ ಇರುವುದಿಲ್ಲ. ಅವು ಸಾಮಾನ್ಯ ತಂತ್ರಾಂಶಗಳು ತೆರೆಯಲಾರದ ಬೇರೆ ಕಡತದಲ್ಲಿರುತ್ತವೆ. ಬಳಕೆದಾರನ ಹೆಸರನ್ನು ತಿಳಿಯಲು ಎಷ್ಟೋ ನಿರಪಾಯಕಾರಿ ತಂತ್ರಾಂಶಗಳು ಅದನ್ನು ಓದುತ್ತವೆ. ಆ ಗಾಬರಿಗೆ ಆಧಾರವಿರಲಿಲ್ಲ. ಆದರೆ ಅದೇ ವೇಳೆ ಬ್ರೌಸರಿನ ಕಡತಕೋಶವನ್ನೂ ಸ್ಕೈಪ್ ತಡಕುತ್ತಿದೆ ಎಂಬುದು ಕಂಡುಬಂದಿತ್ತು. ಅದಕ್ಕೆ ಅಷ್ಟು ಸರಳವಾದ ಸಮಾಧಾನವಿರಲಿಲ್ಲ.

ಅನುಮಾನ ಪಡುವುದು ತಪ್ಪಲ್ಲ. ಅದನ್ನು ಪರೀಕ್ಷೆಗೆ ಒಡ್ಡದೆ ನಂಬುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು.

ಲಕೋಟೆಯ ದಪ್ಪ

ಸ್ಕೈಪ್ ಕರೆಗಳು ಗೂಢಲಿಪಿಯಲ್ಲಿ ಸಾಗುತ್ತಿದ್ದವು. ಆದ್ದರಿಂದ ನಡುವಿನ ಗಣಕದವನಿಗೆ ಮಾತು ಕೇಳುತ್ತಿರಲಿಲ್ಲ. ಹಾಗಿದ್ದರೆ ಚಿಂತೆ ಏಕೆ? ಅಂಟಿಸಿದ ಲಕೋಟೆಯನ್ನು ನೆನೆಯಿರಿ. ಒಡೆಯದೆಯೇ ಯಾರಿಂದ ಯಾರಿಗೆ, ಎಂದು, ಎಷ್ಟು ದಪ್ಪ ಎಂದು ತಿಳಿಯುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2007 ಮತ್ತು 2008ರಲ್ಲಿ ತೋರಿಸಿದ್ದು ಇದನ್ನೇ. ಕೆಲವು ಧ್ವನಿ ಸಂಕ್ಷೇಪಣ ವಿಧಾನಗಳು ಸ್ವರಗಳಿಗೆ ಹೆಚ್ಚು ಬಿಟ್, 'ಸ್' 'ಫ್' ಮುಂತಾದ ಸದ್ದುಗಳಿಗೆ ಕಡಿಮೆ ಬಿಟ್ ಬಳಸುತ್ತವೆ. ಗೂಢಲಿಪಿ ಮಾಡಿದರೂ ಪೊಟ್ಟಣದ ಗಾತ್ರ ಬದಲಾಗದಿದ್ದರೆ, ಗಾತ್ರಗಳ ಏರಿಳಿತದಿಂದಲೇ ಯಾವ ಭಾಷೆಯ ಮಾತು ಎಂದು ಹಲವು ಬಾರಿ ಊಹಿಸಬಹುದು. ಗೊತ್ತಿರುವ ಕೆಲವು ವಾಕ್ಯಗಳನ್ನು ಪತ್ತೆಮಾಡಬಹುದು. ಎಲ್ಲ ಪೊಟ್ಟಣಗಳನ್ನೂ ಒಂದೇ ಗಾತ್ರಕ್ಕೆ ತರುವುದು ಇದಕ್ಕೆ ಪರಿಹಾರ. ಆದರೆ ಅದಕ್ಕೆ ಹೆಚ್ಚು ಬಿಟ್‌ಗಳು ಖರ್ಚಾಗುತ್ತವೆ.

ಬೀಗದ ಕೈ ಯಾರ ಬಳಿ?

2008ರಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಚೀನಾದಲ್ಲಿ ಸ್ಥಳೀಯ ಪಾಲುದಾರರು ಹಂಚುತ್ತಿದ್ದ ಟಾಮ್-ಸ್ಕೈಪ್ ಎಂಬ ಆವೃತ್ತಿ, ಕೆಲವು ಪದಗಳಿದ್ದ ಲಿಖಿತ ಸಂದೇಶಗಳನ್ನು ತಡೆಯುವುದಷ್ಟೇ ಅಲ್ಲ, ಬೇರೆಡೆ ಸಂಗ್ರಹಿಸುತ್ತಲೂ ಇತ್ತು. ಕೆನಡಾದ ಸಂಶೋಧಕ ನಾರ್ಟ್ ವಿಲ್‌ನೂವ್ ಇದನ್ನು ಪತ್ತೆಹಚ್ಚಿದಾಗ, ಆ ಸಂಗ್ರಹಕ್ಕೆ ಸರಿಯಾದ ಬೀಗವೂ ಇರಲಿಲ್ಲ.

2011ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 8.5 ಶತಕೋಟಿ ಡಾಲರ್‌ಗೆ ಸ್ಕೈಪನ್ನು ಕೊಂಡಿತು. ಮರುವರ್ಷ ಸೂಪರ್‌ನೋಡ್‌ಗಳು ಜನರ ಗಣಕಗಳಿಂದ ಕಂಪನಿಯ ದತ್ತಾಂಶ ಕೇಂದ್ರಗಳಿಗೆ ಸ್ಥಳಾಂತರಗೊಂಡವು. ನಮ್ಮ ಗಣಕದ ಬಿಟ್ಟಿ ಚಾಕರಿ ತಪ್ಪಿತು. ಆದರೆ ಜಾಲ ಈಗ ಒಬ್ಬರ ಕೈಗೆ ಸೇರಿತು. 2013ರ ಮೇ ತಿಂಗಳಲ್ಲಿ ಜರ್ಮನಿಯ ಪತ್ರಿಕೆಯೊಂದು ಸೊಗಸಾದ ಪ್ರಯೋಗ ಮಾಡಿತು. ಬೇರೆ ಯಾರಿಗೂ ಗೊತ್ತಿರದ ಜಾಲತಾಣದ ವಿಳಾಸವನ್ನು ಸ್ಕೈಪ್ ಸಂದೇಶದಲ್ಲಿ ಕಳುಹಿಸಿ ಕಾದು ಕುಳಿತರು. ಕೆಲವು ಗಂಟೆಗಳಲ್ಲಿ ಮೈಕ್ರೋಸಾಫ್ಟ್‌ನ ಗಣಕದಿಂದ ಆ ವಿಳಾಸಕ್ಕೆ ಭೇಟಿ ಬಂತು. ವಂಚಕ ತಾಣಗಳನ್ನು ಸೋಸಲು ಹೀಗೆ ಮಾಡುವುದಾಗಿ ಸಮಜಾಯಿಷಿ ದೊರೆಯಿತು. ಉದ್ದೇಶ ಏನೇ ಇರಲಿ, ಸಂದೇಶವನ್ನು ನಡುವೆ ಓದಲು ಸಾಧ್ಯ ಎಂಬುದು ಸ್ಪಷ್ಟವಾಯಿತು. ಮರುತಿಂಗಳು ಎಡ್ವರ್ಡ್ ಸ್ನೋಡನ್ ಹೊರಗೆಡವಿದ ದಾಖಲೆಗಳಲ್ಲಿ, ಅಮೆರಿಕದ ಪ್ರಿಸಮ್ ಎಂಬ ಬೇಹುಗಾರಿಕಾ ಯೋಜನೆಯ ಪಟ್ಟಿಯಲ್ಲಿ ಸ್ಕೈಪ್ ಹೆಸರೂ ಇತ್ತು.

ಕದ್ದಾಲಿಕೆ ಮತ್ತು ಕರ್ನಾಟಕ

ಕದ್ದಾಲಿಕೆ ನಮಗೇನೂ ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ನೀಡಿದರು. ದೂರವಾಣಿ ಸಂಭಾಷಣೆಯೂ ಖಾಸಗಿತನದ ಭಾಗ, ಕದ್ದಾಲಿಕೆಗೆ ಕ್ರಮಬದ್ಧ ಆದೇಶ ಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಕುರಿತು ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಎಕ್ಸ್‌ಚೇಂಜಿನ ಕಾಲದಲ್ಲಿ ಕದ್ದಾಲಿಸಲು ತಂತಿಗೆ ಕೈ ಹಾಕಬೇಕಿತ್ತು. ಈಗ ಕೇಳುವ ಕಿವಿ ನಾವೇ ಸ್ಥಾಪಿಸಿಕೊಂಡ ತಂತ್ರಾಂಶದಲ್ಲಿ ಇರಬಹುದು. 2019ರ ಜುಲೈನಲ್ಲಿ, ಆ್ಯಪಲ್ ಗಣಕಗಳಲ್ಲಿ ಜೂಮ್ ತಂತ್ರಾಂಶವನ್ನು ಅಳಿಸಿದ ಮೇಲೂ ಅದರ ಒಂದು ಭಾಗ ಹಿನ್ನೆಲೆಯಲ್ಲಿ ಉಳಿದಿರುತ್ತದೆ ಎಂಬುದು ಬಯಲಾಯಿತು. ಅದೇ ವರ್ಷ, ವಾಟ್ಸ್‌ಆ್ಯಪ್ ಕರೆಯ ದೋಷವೊಂದನ್ನು ಬಳಸಿ ಸುಮಾರು 1,400 ಮಂದಿಯ ಫೋನುಗಳಿಗೆ ಗುರಿಯಿಟ್ಟದ್ದು ತಿಳಿದುಬಂತು. ಕರೆ ಸ್ವೀಕರಿಸದಿದ್ದರೂ ಗೂಢಚಾರ ತಂತ್ರಾಂಶ ಒಳನುಗ್ಗಬಹುದಿತ್ತು. 2020ರ ಲಾಕ್‌ಡೌನ್‌ನಲ್ಲಿ ನಾವು ಅಧ್ಯಾಪಕರು ಇಂಥ ತಂತ್ರಾಂಶಗಳ ಮೂಲಕವೇ ಮಕ್ಕಳ ಮನೆಯ ಒಳಗೆ ಪಾಠ ಹೊತ್ತು ಹೋದೆವು. ನಮ್ಮಲ್ಲಿ ಎಷ್ಟು ಮಂದಿ ಒಪ್ಪಂದ ಓದಿದ್ದೆವು? ನಾನು ಓದಿರಲಿಲ್ಲ.

ನೀವೇ ಮಾಡಿ ನೋಡಿ

ಒಂದು ಸರಳ ಪ್ರಯೋಗವಿದೆ. ನಿಮ್ಮ ಮೊಬೈಲಿನ 'ಸೆಟ್ಟಿಂಗ್ಸ್'ನಲ್ಲಿ ದತ್ತಾಂಶ ಬಳಕೆಯ ಪಟ್ಟಿ ತೆರೆಯಿರಿ. ಅನೇಕ ಫೋನುಗಳಲ್ಲಿ ತಂತ್ರಾಂಶವನ್ನು ನೀವು ಬಳಸುವಾಗ ಆದ ಖರ್ಚು ಹಾಗೂ ಹಿನ್ನೆಲೆಯಲ್ಲಿ ಆದ ಖರ್ಚು ಬೇರೆ ಬೇರೆಯಾಗಿ ಸಿಗುತ್ತವೆ. ರಾತ್ರಿ ಮಲಗುವಾಗ ಮತ್ತು ಬೆಳಿಗ್ಗೆ ಎದ್ದಾಗ ಎರಡೂ ಅಂಕಿಗಳನ್ನು ಒಂದು ವಾರ ಬರೆದಿಡಿ, ಕೋಷ್ಟಕ ಮಾಡಿ. ಬಳಸದೆಯೂ ಹೆಚ್ಚು ಖರ್ಚು ಮಾಡಿದ ತಂತ್ರಾಂಶ ಯಾವುದು? ಅದಕ್ಕೆ ಧ್ವನಿಗ್ರಾಹಕ, ಕ್ಯಾಮೆರಾಗಳ ಅನುಮತಿ ಏಕೆ ಬೇಕು? ಉತ್ತರ ನಿರಪಾಯಕಾರಿಯೇ ಇರಬಹುದು. ಸಂದೇಶ ಬಂದಿದೆಯೇ ಎಂದು ನೋಡುತ್ತಿರಲೂ ಬಹುದು. ಆದರೆ ಅಳೆದ ಮೇಲೆ ಹೇಳುವ ಉತ್ತರಕ್ಕೂ ಊಹೆಗೂ ವ್ಯತ್ಯಾಸವಿದೆ.

ಸ್ಕೈಪ್ 2025ರ ಮೇ 5ರಂದು ಮುಚ್ಚಿತು. ಕಾಗದ ಕಾರ್ಖಾನೆಯ ಉತ್ಪಾದನೆ ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ ನಿಂತಿತ್ತು. ಪ್ರಶ್ನೆ ಕೇಳಿದ ಹಿರಿಯರೂ ಈಗಿಲ್ಲ. ಇಂದು ಕೇಳಿದ್ದರೆ ಹೀಗೆ ಹೇಳುತ್ತಿದ್ದೆ: "ಏನು ಗಿಟ್ಟುತ್ತೆ ಅಂತ ಅವರೇ ಪೂರ್ತಿ ಹೇಳೋದಿಲ್ಲ, ಯಜಮಾನರೇ. ನಾವೇ ಅಳೆದು ನೋಡಬೇಕು. ಮಗನ ಜೊತೆ ಮಾತಾಡೋದನ್ನ ಮಾತ್ರ ಬಿಡಬೇಡಿ."