ಪ್ರೋಗ್ರಾಮಿಂಗ್: ಹೊಸ ಉಪಕರಣ, ಹಳೆಯ ಲೆಕ್ಕ

ಕಂಪ್ಯೂಟರ್ ಓದಲು ಹೊರಟ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಒಂದು ಪ್ರಶ್ನೆ ಕಾಡುತ್ತಿರುತ್ತದೆ. ಹೊಸ ಹೊಸ ಭಾಷೆ, ಉಪಕರಣಗಳು ಬರುತ್ತಲೇ ಇರುವಾಗ ಯಾವುದನ್ನು ಕಲಿಯುವುದು? ಇಂದು ಕಲಿತದ್ದು ನಾಳೆ ಮೂಲೆಗೆ ಸೇರಿದರೆ ಗತಿಯೇನು? ತಂತ್ರಾಂಶ ಬರೆಯುವುದನ್ನೇ ವೃತ್ತಿಯಾಗಿಸಿಕೊಂಡ ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನನಗೆ, ಇದಕ್ಕೆ ಉತ್ತರ ಈ ವಿದ್ಯೆಯ ಚರಿತ್ರೆಯಲ್ಲೇ ಇದೆ ಎನಿಸುತ್ತದೆ.

ಮೊದಮೊದಲು ಕಂಪ್ಯೂಟರಿಗೆ ಪ್ರತಿ ಆಜ್ಞೆಯನ್ನೂ ಅದರದೇ ಸಂಕೇತಗಳಲ್ಲಿ ಬರೆದುಕೊಡಬೇಕಿತ್ತು. ಅಮೆರಿಕದ ಐಬಿಎಂ ಕಂಪನಿಯಲ್ಲಿ ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಫೋರ್ಟ್ರಾನ್ ಭಾಷೆಯನ್ನು ಹೊರತಂದಿತು. ಗಣಿತದ ಸೂತ್ರವನ್ನು ಹೆಚ್ಚುಕಡಿಮೆ ನಾವು ಬರೆಯುವಂತೆಯೇ ಬರೆದರೆ ಸಾಕು, ಅದನ್ನು ಯಂತ್ರದ ಸಂಕೇತಕ್ಕೆ ಬದಲಾಯಿಸುವ ಕೆಲಸ ಕಂಪೈಲರ್ ಎಂಬ ತಂತ್ರಾಂಶದ್ದು. ಕೈಯಿಂದ ಬರೆದ ಸಂಕೇತದಷ್ಟು ವೇಗವಾಗಿ ಇದು ಓಡೀತೇ ಎಂದು ಅಂದಿನ ಪರಿಣತರು ಸಂಶಯಪಟ್ಟರು. ಯಂತ್ರದ ಸಮಯ ಬಹಳ ದುಬಾರಿಯಾಗಿದ್ದ ಕಾಲದಲ್ಲಿ ಅದು ಸಹಜವೇ. ಬ್ಯಾಕಸ್ ತಂಡ ಆ ವೇಗಕ್ಕಾಗಿಯೇ ಹೆಚ್ಚು ಶ್ರಮಪಟ್ಟಿತ್ತು. ಫಲಿತಾಂಶ ಕಂಡ ಮೇಲೆ ಜನ ಒಪ್ಪಿದರು.

1960ರ ಹೊತ್ತಿಗೆ ರೂಪುಗೊಂಡ ಕೋಬಾಲ್ ಭಾಷೆ ಬ್ಯಾಂಕು, ವಿಮಾ ಕಚೇರಿಗಳ ಲೆಕ್ಕಪತ್ರಕ್ಕೆ ನಿಂತಿತು. ಕಂಪ್ಯೂಟರಿನಲ್ಲಿ ಮಾಹಿತಿ ಇಡುವ ಜಾಗ ದುಬಾರಿಯಾದ್ದರಿಂದ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆಯುವುದು ರೂಢಿಯಾಯಿತು. 2000 ಹತ್ತಿರವಾದಾಗ, ಯಂತ್ರಗಳು "00" ಎಂಬುದನ್ನು 1900 ಎಂದು ತಿಳಿದಾವೆಂಬ ಭಯ ಜಗತ್ತಿಗೆಲ್ಲ ಹರಡಿತು. ಹಳೆಯ ಸಾಲುಗಳನ್ನು ಹುಡುಕಿ ತಿದ್ದುವ ಕೆಲಸ ಬೆಂಗಳೂರೂ ಸೇರಿದಂತೆ ಭಾರತದ ಕಂಪನಿಗಳಿಗೆ ಬಹಳಷ್ಟು ಬಂತು. ಹಳತೆನಿಸಿಕೊಂಡಿದ್ದ ಭಾಷೆಯೇ ಅನೇಕ ತರುಣರಿಗೆ ಅನ್ನ ಕೊಟ್ಟಿತು.

ಈಚಿನ ಕಥೆಯೂ ಇಂಥದ್ದೇ. ಪೈಥಾನ್ ಭಾಷೆಯ 3ನೇ ಆವೃತ್ತಿ 2008ರಲ್ಲಿ ಬಂತು. ಹಳೆಯ ಆವೃತ್ತಿಯಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ತಿದ್ದದೆ ಅದರಲ್ಲಿ ಓಡುತ್ತಿರಲಿಲ್ಲ. 2015ಕ್ಕೆ ಹಳೆಯದನ್ನು ನಿಲ್ಲಿಸುವ ಯೋಚನೆಯಿತ್ತು, ಗಡುವನ್ನು 2020ಕ್ಕೆ ಮುಂದೂಡಬೇಕಾಯಿತು. ಇನ್ನು ಫ್ರೇಮ್‌ವರ್ಕ್ ಎಂದರೆ ಕಂಬ, ತೊಲೆ ಮೊದಲೇ ನಿಲ್ಲಿಸಿಕೊಟ್ಟ ಮನೆಯಿದ್ದಂತೆ. ಗೋಡೆ ಕಟ್ಟಿಕೊಳ್ಳುವುದು ನಮ್ಮ ಕೆಲಸ. ಗೂಗಲ್‌ನ ಆಂಗ್ಯುಲರ್‌ಜೆಎಸ್ 2010ರಲ್ಲಿ ಬಂದು ಬಹಳ ಬೇಗ ಹೆಸರು ಮಾಡಿತು. 2016ರಲ್ಲಿ ಅದನ್ನೇ ಬುಡದಿಂದ ಬದಲಿಸಿ ಬರೆದರು. 2021ರ ಕೊನೆಗೆ ಹಳೆಯದಕ್ಕೆ ಬೆಂಬಲ ನಿಂತಿತು. ಅದರ ಮೇಲೆ ಕಟ್ಟಿದವರು ಮತ್ತೆ ಕಟ್ಟಬೇಕಾಯಿತು.

ಹಾಗೆಂದು ಎಲ್ಲವೂ ಅಳಿಯುವುದಿಲ್ಲ. 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆ ಹೆಚ್ಚುಕಡಿಮೆ ನಮ್ಮ ಶಾಲೆಯ ಓರಗೆಯದು. ಇಂದಿಗೂ ಲಿನಕ್ಸ್‌ನ ಒಡಲೆಲ್ಲ ಬಹುಪಾಲು ಅದೇ ಭಾಷೆಯಲ್ಲಿದೆ.

ಆದ್ದರಿಂದ ಹೊಸ ಉಪಕರಣ ಬಂದಾಗ ಹೆಸರಿಗೆ ಮರುಳಾಗದೆ, ಅದು ಯಾವ ಶ್ರಮವನ್ನು ಇಳಿಸುತ್ತದೆ ಎಂದು ಕೇಳಬೇಕು. ನಾಳೆ ಅದು ನಿಂತರೆ ನಮ್ಮ ಕೆಲಸವನ್ನು ಬೇರೆಡೆಗೆ ಸಾಗಿಸಲು ಎಷ್ಟು ಖರ್ಚು, ಆ ಖರ್ಚು ಯಾರ ತಲೆಗೆ ಎಂಬುದನ್ನೂ ನೋಡಬೇಕು. ಟ್ರ್ಯಾಕ್ಟರ್ ಬಂದ ಮೇಲೂ ಮಣ್ಣಿನ ಹದ ತಿಳಿಯದವನಿಗೆ ಬೆಳೆ ಕೈಗೆ ಹತ್ತುವುದಿಲ್ಲ. ಈ ವಿದ್ಯೆಯ ಹದವೆಂದರೆ ಗಣಿತ, ತರ್ಕ, ಒಂದು ಸಮಸ್ಯೆಯನ್ನು ಹಂತಹಂತವಾಗಿ ಬಿಡಿಸುವ ತಾಳ್ಮೆ. ಅದನ್ನು ಕಲಿಸಲು ಕಂಪ್ಯೂಟರ್ ಬರುವವರೆಗೆ ಕಾಯಬೇಕಿಲ್ಲ. ನಮ್ಮ ಶಾಲೆಯ ಕಪ್ಪು ಹಲಗೆಯ ಮೇಲೆ ಆ ಪಾಠ ಐವತ್ತು ವರ್ಷಗಳಿಂದ ನಡೆದೇ ಇದೆ.