ಜೀಪಿನ ತುಕ್ಕು, ಅತ್ತೆಯ ಸರ

ಹೋದ ಮಾಘ ಮಾಸದಲ್ಲಿ ನಮ್ಮನೆ ಅಂಗಳದಲ್ಲಿ ಹಪ್ಪಳ ಒಣಗಿಸ್ಲಿಕ್ಕೆ ಜಾಗ ಇರ್ಲಿಲ್ಲ. ಅಂಗಳದ ತುಂಬ ಜೀಪು. ಜೀಪು ಅಂದ್ರೆ ಇಡೀ ಜೀಪಲ್ಲ ಮತ್ತೆ. ಬಾನೆಟ್ ಒಂದು ಕಡೆ, ಮಡ್ಗಾರ್ಡ್ ಒಂದು ಕಡೆ, ಸೀಟು ತುಳಸಿಕಟ್ಟೆ ಪಕ್ಕ. ಆಚೆಮನೆ ಅಕ್ಕ ಹಾಲು ತಗೊಂಡು ಹೋಗ್ಲಿಕ್ಕೆ ಬಂದವ್ರು, "ಎಂತ ಮಾರಾಯ್ತಿ, ಗುಜರಿ ಅಂಗಡಿ ಇಟ್ರಾ?" ಅಂತ ಕೇಳಿದ್ರು. ಅವ್ರಿಗೆ ಆವತ್ತು ಸರಿಯಾಗಿ ಉತ್ತರ ಹೇಳ್ಲಿಕ್ಕೆ ಆಗ್ಲಿಲ್ಲ. ಈಗ ಬರೀತಿದ್ದೇನೆ.

ನಮ್ಮದು 1962ರ ಜೀಪು. ಮಾವಯ್ಯ 1968ರಲ್ಲಿ ಚಿಕ್ಕಮಗಳೂರು ಕಡೆಯ ಒಬ್ಬ ಕಾಫಿ ತೋಟದವರಿಂದ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಸ್ಟೇರಿಂಗು ಎಡಗಡೆ. ಗೇರಿನ ಕಡ್ಡಿ ಮೂರು. ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಅಡಿಗೇ. ಮಾವಯ್ಯ ತೀರಿಕೊಂಡ ಮೇಲೆ ಎರಡು ವರ್ಷ ನಮ್ಮನೆಯವ್ರು ಓಡಿಸಿದ್ರು. 2011ರಿಂದ ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ಟಾರ್ಪಾಲು ಹೊದ್ಕೊಂಡು ನಿಂತಿತ್ತು. ಕೋಳಿ ಅದರೊಳಗೆ ಮೊಟ್ಟೆ ಇಡ್ತಿತ್ತು.

ಭಾವ ಬೆಂಗಳೂರಿಂದ ಫೋನ್ ಮಾಡಿ, "ಹಳೇ ಜೀಪಿಗೆ ಒಳ್ಳೇ ಗಿರಾಕಿ ಇದ್ದಾರೆ, ಕೊಟ್ಟುಬಿಡುವ, ಅಪ್ಪನ ಜೀಪು, ಇಬ್ರಿಗೂ ಅರ್ಧರ್ಧ" ಅಂದ್ರು. ಅವ್ರು ಹೇಳಿದ್ದು ತಪ್ಪೇನಲ್ಲ. ತಗೊಳ್ಳುವವ್ರು ಎಂಜಿನ್ ಇಟ್ಕೊಂಡು, ತುಕ್ಕು ಹಿಡಿದ ಬಾಡಿ ಬಿಸಾಡಿ, ಹೊಸಾ ಬಾಡಿ ಕೂರಿಸ್ತಾರಂತೆ. ನಂಗೆ ಮಾತ್ರ ಆ "ಬಿಸಾಡಿ" ಅನ್ನೋ ಮಾತು ಗಂಟಲಲ್ಲಿ ಸಿಕ್ಕಿಕೊಳ್ತು. ಮಗ ಮನೆಯಿಂದ್ಲೇ ಕೆಲಸ ಮಾಡ್ಲಿಕ್ಕೆ ಅಂತ ಊರಿಗೆ ಬಂದವ, "ಅಮ್ಮ, ನಾವೇ ಸರಿ ಮಾಡುವ, ಒಂದು ಮಳೆಗಾಲದೊಳಗೆ ಆಗದಿದ್ರೆ ದೊಡ್ಡಪ್ಪ ಹೇಳಿದ ಹಾಗೆ ಕೊಡುವ" ಅಂದ. ಹಾಗೆ ಶುರುವಾಯ್ತು.

ಮೊದಲು ಈ ಗಾಡಿ ನಮ್ಮ ಮಲೆನಾಡಿಗೆ ಹೇಗೆ ಬಂತು ಅಂತ ಸ್ವಲ್ಪ ಹೇಳ್ತೇನೆ. ಮಗ ಓದಿ ಹೇಳಿದ್ದು, ನಾನು ಅಡಿಗೆ ಮಾಡ್ತಾ ಕೇಳಿದ್ದು.

1940ರಲ್ಲಿ ಅಮೆರಿಕಾದ ಸೈನ್ಯಕ್ಕೆ ಗುಡ್ಡ, ಕೆಸರು ಎಲ್ಲ ಹತ್ತುವ ಒಂದು ಸಣ್ಣ ಗಾಡಿ ಬೇಕಾಯ್ತಂತೆ. 135 ಕಂಪನಿಗಳಿಗೆ ಕೇಳಿದ್ರು. ಬಾಂಟಮ್ ಅನ್ನೋ ಒಂದು ಸಣ್ಣ ಕಂಪನಿ ಮೊದಲು ಮಾಡಿ ತಂದು ನಿಲ್ಲಿಸ್ತು. ಆದ್ರೆ ದೊಡ್ಡ ಆರ್ಡರು ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗೆ. ಯುದ್ಧ ಮುಗಿಯೋದ್ರೊಳಗೆ ಆ ಎರಡು ಕಂಪನಿ ಸೇರಿ ಆರು ಲಕ್ಷಕ್ಕೂ ಮೇಲೆ ಜೀಪು ಮಾಡಿದ್ವು. ಜೀಪಿನ ಎದುರು ಒಲೆ ಜಾಲರಿ ಹಾಗೆ ಸೀಳು ಸೀಳು ಕಾಣ್ತದಲ್ಲ, ಯುದ್ಧದ ಜೀಪಲ್ಲಿ ಅದು ಒಂಬತ್ತು, ಆಮೇಲೆ ಜನರಿಗೆ ಮಾರಿದ ಜೀಪಲ್ಲಿ ಏಳು. ನಾನು ಹೋಗಿ ಎಣಿಸಿದೆ. ನಮ್ಮದು ಏಳು. ಬಾನೆಟ್ ಎತ್ತರ ಇದ್ರೆ ಅದು 1953ರಲ್ಲಿ ಬಂದ ಸಿಜೆ-3ಬಿ ಅನ್ನೋ ನಮೂನೆ. ಎಂಜಿನ್ ಎತ್ತರ ಆಯ್ತು ಅಂತ ಬಾನೆಟ್ಟೂ ಎತ್ತರ ಮಾಡಿದ್ದು ಅಷ್ಟೆ.

ನಮ್ಮ ದೇಶದಲ್ಲಿ ಇದನ್ನು ತಂದವ್ರ ಕಥೆಯೂ ಉಂಟು. 1945ರಲ್ಲಿ ಲುಧಿಯಾನದಲ್ಲಿ ಮಹೀಂದ್ರ ಅಣ್ಣತಮ್ಮಂದಿರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಸೇರಿ ಉಕ್ಕಿನ ವ್ಯಾಪಾರ ಶುರು ಮಾಡಿದ್ರು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಎರಡಾದಾಗ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿ ಆದ್ರು, ಮುಂದೆ ಗವರ್ನರ್ ಜನರಲ್ಲೂ ಆದ್ರು. ಇಲ್ಲಿ 1948ರಲ್ಲಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯ್ತು. ಅವ್ರು ಮುಂಬೈಯ ಮಜಗಾಂವ್‌ನಲ್ಲಿ ಅಮೆರಿಕಾದಿಂದ ಬಿಡಿಬಿಡಿಯಾಗಿ ಬಂದ ಜೀಪುಗಳನ್ನು ಜೋಡಿಸ್ಲಿಕ್ಕೆ ಶುರು ಮಾಡಿದ್ರು. ಪಾಲಾದ ಮನೆಯಿಂದ ಹೊರಟ ಗಾಡಿ ಇದು ಅಂತ ನಂಗೆ ಅನ್ನಿಸ್ತು.

ಇನ್ನೊಂದು ವಿಷಯ ಕೇಳಿ ನಗು ಬಂತು. 1948ರಲ್ಲಿ ಸೈನ್ಯಕ್ಕೆ ಅರ್ಜೆಂಟಾಗಿ ಜೀಪು ಬೇಕಾದಾಗ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅವರು ರಿಪೇರಿ ಮಾಡಿದ ಹಳೇ ಜೀಪು ತರಿಸ್ಲಿಕ್ಕೆ ಒಪ್ಪಂದ ಮಾಡಿದ್ರು. ಹೇಳಿದ್ದು 2,000, ಬಂದದ್ದು 155. ಬಂದವೂ ಉಪಯೋಗಕ್ಕೆ ಬರ್ಲಿಲ್ಲ ಅಂತ ದೊಡ್ಡ ಗಲಾಟೆ ಆಯ್ತು. ಸ್ವತಂತ್ರ ಬಂದ ಮೇಲಿನ ಮೊದಲ ಹಗರಣ ಅಂತ ಅದನ್ನೇ ಹೇಳ್ತಾರೆ. ಹಳೇ ಜೀಪು ತಗೊಳ್ಳುವಾಗ ಬಣ್ಣ ನೋಡಬಾರ್ದು, ಅಡಿ ನೋಡ್ಬೇಕು ಅಂತ ಮಾವಯ್ಯ ಹೇಳ್ತಿದ್ದದ್ದು ನೆನಪಾಯ್ತು.

ನಾವೂ ಅಡಿಯಿಂದ್ಲೇ ಶುರು ಮಾಡಿದ್ದು. ಮೊದಲ ಕೆಲಸ ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ತೋಟದಲ್ಲಿ ಇಟ್ಟದ್ದು. ಬೆಂಕಿ ಕಿಡಿ ಹಾರುವ ಕೆಲಸ, ಟ್ಯಾಂಕು ಹತ್ತಿರ ಇರಬಾರ್ದು. ಖಾಲಿ ಟ್ಯಾಂಕಿನೊಳಗೂ ಆವಿ ಇರ್ತದೆ. ಕಚ್ಚಿಕೊಂಡ ನಟ್ಟು ಬೋಲ್ಟಿಗೆಲ್ಲ ಎಣ್ಣೆ ಬಿಟ್ಟು ಎರಡು ದಿನ ಸುಮ್ಮನೆ ಬಿಟ್ವು. ಅವಸರ ಮಾಡಿದ್ರೆ ಬೋಲ್ಟಿನ ತಲೆ ಮುರಿದುಹೋಗ್ತದೆ.

ಬಣ್ಣ ಕೆರೆಯುವಾಗ ನಂಗೂ ಕೈಗೆ ಒಂದು ವೈರ್ ಬ್ರಶ್ ಸಿಕ್ತು. ಮೇಲೆ ಬಿಳಿ. ಅದು ಮಗ ಒಂದನೇ ಕ್ಲಾಸಿಗೆ ಹೋಗುವಾಗ ಹೊಡೆಸಿದ್ದು. ಅದರಡಿ ಹಸಿರು. ನಾನು 1990ರಲ್ಲಿ ಮದುವೆಯಾಗಿ ಬರುವಾಗ ಇದೇ ಹಸಿರು ಜೀಪಲ್ಲಿ ಬಂದದ್ದು. ಅದರಡಿ ನೀಲಿ, ನಾನು ಕಾಣದ ಕಾಲದ್ದು. ಎಲ್ಲದರ ಅಡಿಗೆ ಬೂದು. ಪಾತ್ರೆ ಉಜ್ಜಿದ ಹಾಗೆ ಉಜ್ಜುತ್ತಾ ಹೋದ್ರೆ ಒಂದೊಂದು ಕಾಲ ಏಳ್ತಾ ಬಂತು. ಒಂದು ಮಾತು ನೆನಪಿಡಿ: ಹಳೇ ಬಣ್ಣದಲ್ಲಿ ಸೀಸ ಇರ್ತದೆ. ಒಣಗಿದ ಬಣ್ಣ ಉಜ್ಜಿ ಧೂಳು ಎಬ್ಬಿಸಬಾರ್ದು, ನೀರು ಹಾಕಿ ಉಜ್ಜಬೇಕು, ಮೂಗಿಗೆ ಮಾಸ್ಕ್ ಬೇಕು. ಕೆರೆದದ್ದನ್ನು ಪೇಪರಲ್ಲಿ ಒಟ್ಟು ಮಾಡಿ ಬೇರೆ ಇಡ್ಬೇಕು. ದನ, ಕೋಳಿ, ಮಕ್ಕಳು ಯಾರೂ ಆ ಕಡೆ ಬರಬಾರ್ದು.

ಬಣ್ಣ ಹೋದ ಮೇಲೆ ತುಕ್ಕು ಕಾಣ್ತು. ಬಾಡಿ ಎಲ್ಲಾ ಕಡೆ ಒಂದೇ ಥರ ತುಕ್ಕು ಹಿಡಿದಿರ್ಲಿಲ್ಲ. ಡ್ರೈವರ್ ಕಾಲಿಡುವ ಜಾಗ ಹೋಗಿತ್ತು. ಅದು ಸರಿ, ಮಳೆಗಾಲ ಪೂರ್ತಿ ಒದ್ದೆ ಕಾಲು. ಇಲ್ಲಿಂದ ಆಗುಂಬೆ ದೂರ ಇಲ್ಲ, ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ನೆಲದ ತಗಡಿನಡಿಗೆ ಟೋಪಿ ಆಕಾರದ ಕಬ್ಬಿಣದ ಪಟ್ಟಿ ಇರ್ತದೆ, ಚಾನಲ್ ಅಂತಾರೆ. ಅದರೊಳಗೆ ಕೆಸರು ತುಂಬಿ ಹೊಲೆಮಣ್ಣಾಗಿ ಕೂತಿತ್ತು. ಯುದ್ಧದ ಕಾಲದ ಜೀಪಲ್ಲಿ ಆ ಚಾನಲ್ಲಿಗೆ ಮರದ ಪಟ್ಟಿ ತುಂಬಿಸ್ತಿದ್ರಂತೆ, ಆ ಮರ ನೀರು ಕುಡಿದು ಕಬ್ಬಿಣವನ್ನೂ ತಿಂತಿತ್ತಂತೆ.

ಆದ್ರೆ ಎಲ್ಲಕ್ಕಿಂತ ಹಾಳಾಗಿದ್ದು ಹಿಂದಿನ ನೆಲ. ಬಲಗಡೆ ಮೂಲೆ ಜರಡಿ ಆಗಿತ್ತು. ಮೊದಲೊಮ್ಮೆ ಪೇಟೆಯ ಒಬ್ಬ ಗ್ಯಾರೇಜಿನವರು ರಿಪೇರಿ ಅಂತ ದುಡ್ಡು ತಗೊಂಡು ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ರು. ಪುಟ್ಟಿಯಡಿ ನೀರು ಇಂಗಿ ತುಕ್ಕು ಇನ್ನೂ ಜಾಸ್ತಿಯಾಗಿತ್ತು. ಹಿಂದೆ ಮಾತ್ರ ಯಾಕೆ ಇಷ್ಟು ಅಂತ ಮಗನಿಗೆ ಅರ್ಥ ಆಗ್ಲಿಲ್ಲ. ನಂಗೆ ಆಯ್ತು.

ಅದು ಮೈಲುತುತ್ತದ ಮೂಟೆ ಇಡ್ತಿದ್ದ ಜಾಗ.

ಅಡಿಕೆಗೆ ಕೊಳೆರೋಗ ಬಾರದಿರ್ಲಿ ಅಂತ ಮೊದಲು ಗೊನೆಗೆ ಕೊಟ್ಟೆ ಕಟ್ತಿದ್ರು. ಮೈಸೂರು ಸರ್ಕಾರದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅನ್ನೋ ವಿಜ್ಞಾನಿ ಈ ರೋಗದ ಮೇಲೆ ಕೆಲಸ ಮಾಡಿ 1910ರ ಸುಮಾರಿಗೆ ಬೋರ್ಡೋ ಔಷಧಿ ಹೊಡೆಯೋದನ್ನು ತೋರಿಸಿಕೊಟ್ರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಔಷಧಿ ಕಲಸಿದ ಮೇಲೆ ಕತ್ತಿ ಅದ್ದಿ ನೋಡ್ತಾರೆ ಗೊತ್ತಲ್ಲ? ಕತ್ತಿ ಕೆಂಪಾದ್ರೆ ಸುಣ್ಣ ಕಮ್ಮಿ ಅಂತ ಅರ್ಥ. ಆ ಕೆಂಪು ಏನಂದ್ರೆ ತಾಮ್ರ. ಕಬ್ಬಿಣ ಕರಗಿ ಹೋಗಿ ಅದರ ಜಾಗದಲ್ಲಿ ತಾಮ್ರ ಕೂರ್ತದೆ. ಕತ್ತಿಗೆ ಒಂದು ನಿಮಿಷದಲ್ಲಿ ಆಗೋದು ಜೀಪಿನ ನೆಲಕ್ಕೆ ನಲವತ್ತು ವರ್ಷ ಆಯ್ತು. ಅದ್ರ ಜೊತೆ ಪೊಟ್ಯಾಶ್ ಗೊಬ್ಬರ ಬೇರೆ. ಅದೂ ಉಪ್ಪಿನ ಜಾತಿಯದ್ದೇ.

ಆ ಮೂಟೆ ಮೇಲೆ ಕೂರ್ತಿದ್ದವ್ರು ಯಾರು? ಗಂಡಸರು ಮುಂದೆ, ಹೆಂಗಸರು ಮಕ್ಕಳು ಹಿಂದೆ. ಮದುವೆಗೆ ಹೋಗೋದಾದ್ರೂ ಹಂಗೇ. ನನ್ನ ಎರಡು ಸೀರೆಯ ಅಂಚು ನೀಲಿ ಕಲೆಯಾಗಿ ಹರಿದದ್ದು ಆ ಮೂಲೇಲಿ. ಅತ್ತೆ ಇಪ್ಪತ್ತು ವರ್ಷ ಅಲ್ಲೇ ಕೂತು ಹೋಗಿದ್ದಾರೆ. ಅವ್ರು ಮುಂದಿನ ಸೀಟಲ್ಲಿ ಕೂತದ್ದು ನಾನು ಕಂಡದ್ದು ಒಂದೇ ಸಲ. 1993ರ ಆಷಾಢ, ರಾತ್ರಿ ಒಂದು ಗಂಟೆ, ನಂಗೆ ಹೆರಿಗೆ ನೋವು. ಹಿಂದೆ ಹುಲ್ಲಿನ ಮೇಲೆ ಹಾಸಿಗೆ ಹಾಕಿ ನನ್ನ ಮಲಗಿಸಿದ್ರು. ಲೈಟು ಒಂದೇ ಉರೀತಿತ್ತು. ಅತ್ತೆ ಮುಂದೆ ಕೂತು ಟಾರ್ಚ್ ಹಿಡಿದು, ಹಳ್ಳ ಬಂದಲ್ಲಿ ಇಳಿದು ನೀರಲ್ಲಿ ನಡೆದು ಆಳ ನೋಡಿ, ಮಾವಯ್ಯನಿಗೆ "ಬನ್ನಿ" ಅಂತ ಕೂಗ್ತಿದ್ರು. ಮಗ ಪೇಟೆ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಹುಟ್ಟಿದ. ಈಗ ಆ ಜೀಪಿಗೆ ತಗಡು ಹೊಂದಿಸ್ತಿದ್ದವ ಅವನೇ.

ಕೆಲಸದಲ್ಲಿ ನಾವು ಮಾಡಿದ ತಪ್ಪೂ ಹೇಳ್ತೇನೆ. ಒಂದಿನ ಉಮೇದಿನಲ್ಲಿ ಇಡೀ ಪಕ್ಕ ಉಜ್ಜಿ ಬೆಳ್ಳಿ ಹಾಗೆ ಮಾಡಿ ಹಾಗೇ ಬಿಟ್ಟು ಮಲಗಿದ್ವು. ಇಬ್ಬನಿ ಬಿತ್ತು. ಬೆಳಿಗ್ಗೆ ನೋಡಿದ್ರೆ ಪೂರ್ತಿ ಕೇಸರಿಬಾತಿನ ಬಣ್ಣ! ಎರಡು ದಿನದ ಕೆಲಸ ನೀರಲ್ಲಿ ಹೋಮ. ಉಜ್ಜಿದಷ್ಟಕ್ಕೆ ಅದೇ ದಿನ ರೆಡ್ ಆಕ್ಸೈಡ್ ಬಳೀಬೇಕು ಅಂತ ಆಮೇಲೆ ಬುದ್ಧಿ ಬಂತು.

ಕೆರೆದ್ರೂ ಹೋಗದ ತುಕ್ಕಿಗೆ ಫಾಸ್ಫರಿಕ್ ಆಸಿಡ್ ಇರುವ ಒಂದು ದ್ರಾವಣ ಹಚ್ಚಿದ್ವು. ತುಕ್ಕು ಕಪ್ಪಾಗಿ ಗಟ್ಟಿಯಾಗ್ತದೆ. ಅದನ್ನು ಕಂಡು ನಂಗೆ ಅಡಿಕೆ ಸುಲಿಯುವ ಕತ್ತಿ ನೆನಪಾಯ್ತು. ಚೊಗರು ತಾಗಿದ ಕತ್ತಿ ಕಪ್ಪಾಗ್ತದಲ್ಲ? ಕತ್ತರಿಸಿ ತೆಗೆದ ಒಂದು ತುಕ್ಕಿನ ತುಂಡಿಗೆ ಚೊಗರು ಹಚ್ಚಿ ಇಟ್ಟೆ. ಮಾರನೇ ದಿನ ಕಪ್ಪು ನೀಲಿ! ಮಗ ಹುಡುಕಿ ನೋಡಿದ್ರೆ ಚೊಗರಿನಲ್ಲಿರುವ ಟ್ಯಾನಿನ್ ಜಾತಿಯ ಆಸಿಡ್ಡನ್ನೇ ಕೆಲವು ತುಕ್ಕಿನ ಔಷಧಿಗೂ ಹಾಕ್ತಾರಂತೆ. ಜೀಪಿಗೆ ಅಂಗಡೀದೇ ಹಚ್ಚಿದ್ದು, ಆದ್ರೂ ನಂಗೆ ಸಣ್ಣ ಹೆಮ್ಮೆ.

ತೂತಾದಲ್ಲಿ ಔಷಧಿ ಸಾಲ್ದು. ಗಟ್ಟಿ ತಗಡು ಸಿಗುವಲ್ಲಿವರೆಗೆ ಕತ್ತರಿಸಿ, 18 ಗೇಜಿನ ಹೊಸ ತಗಡು ಕೂರಿಸ್ಬೇಕು. ನಾನು ಹಳೇ ಕ್ಯಾಲೆಂಡರ್ ಕಾಗದದಲ್ಲಿ ರವಿಕೆಗೆ ಅಳತೆ ತೆಗೆದ ಹಾಗೆ ಅಳತೆ ಕತ್ತರಿಸಿ ಕೊಟ್ಟೆ. ಟಿಂಕರಿಂಗ್ ಮಾಡುವವರು ಮನೆಗೇ ಬಂದು ವೆಲ್ಡಿಂಗ್ ಮಾಡಿದ್ರು. ಉದ್ದಕ್ಕೆ ಒಮ್ಮೆಲೇ ಬೆಸೆದ್ರೆ ತಗಡು ಕಾದು ಹಪ್ಪಳದ ಹಾಗೆ ಸೊಟ್ಟ ಆಗ್ತದೆ. ಅದಕ್ಕೇ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಕಚ್ಚಾ ಹೊಲಿಗೆ ಹಾಕಿದ ಹಾಗೆ. ಚಾನಲ್ಲಿಗೆ ನೀರು ಹರಿದು ಹೋಗ್ಲಿಕ್ಕೆ ತೂತು ಬಿಟ್ಟದ್ದು ನನ್ನ ಒತ್ತಾಯ.

ನಡುವೆ ಭಾವನ ಫೋನು ಬರ್ತಾನೇ ಇತ್ತು. ಗಿರಾಕಿ ಕಾಯ್ತಿದ್ದಾರೆ ಅಂತ. ಜೀಪಿನ ಹಳೇ ಕಾಗದ ಬೇಕು ಅಂದ್ರು. ಅಟ್ಟದ ಪೆಟ್ಟಿಗೆ ತೆಗೆದೆ. ಅದ್ರಲ್ಲಿ ಮಾವಯ್ಯನ ಲೆಕ್ಕದ ಪುಸ್ತಕ. 1968ರ ಪುಟದಲ್ಲಿ ಅವ್ರದೇ ಅಕ್ಷರದಲ್ಲಿ, ಜೀಪಿನ ಬಾಬ್ತು ಜಮಾ: ಅಡಿಕೆ ಮಂಡಿಯಿಂದ ಇಷ್ಟು, ಅದರ ಕೆಳಗೆ "ಅವಲಕ್ಕಿ ಸರ, ಬಳೆ ಎರಡು, ಮಾರಿ ಬಂದದ್ದು" ಅಂತ. ಅಡಿಕೆಯ ದುಡ್ಡಿಗಿಂತ ಸರದ ದುಡ್ಡು ಜಾಸ್ತಿ.

ಅತ್ತೆ 2021ರಲ್ಲಿ ಹೋದ್ರು. ಮೂವತ್ತು ವರ್ಷ ಜೊತೆಗಿದ್ದೆ, ಒಂದು ದಿನವೂ ಇದನ್ನು ಹೇಳ್ಲಿಲ್ಲ. ಮದುವೆ ಫೋಟೋದಲ್ಲಿ ಆ ಸರ ಇತ್ತು. "ಅದೆಲ್ಲಿ ಹೋಯ್ತು ಅತ್ತೆ?" ಅಂತ ಒಮ್ಮೆ ಕೇಳಿದ್ದೆ. "ಕರಗಿ ಹೋಯ್ತು" ಅಂದಿದ್ರು, ನಗ್ತಾ. ತನ್ನ ಸರದಲ್ಲಿ ತಗೊಂಡ ಗಾಡಿಯಲ್ಲಿ ಅವ್ರು ಹಿಂದೆ ಮೈಲುತುತ್ತದ ಮೂಟೆ ಮೇಲೆ ಕೂತು ಹೋದ್ರಲ್ಲ ಅಂತ ಅಟ್ಟದಲ್ಲೇ ಕೂತು ಅತ್ತೆ.

ಆ ಪುಟದ ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಒಂದು ಮಾತೂ ಬರೀಲಿಲ್ಲ. ಎರಡು ದಿನ ಫೋನೇ ಇಲ್ಲ. ಸಿಟ್ಟು ಬಂತೇನೋ ಅಂತ ನಂಗೆ ಹೆದರಿಕೆ. ಮೂರನೇ ದಿನ ಮಾಡಿ, "ಅಮ್ಮ ನಂಗೂ ಹೇಳ್ಲಿಲ್ಲ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ತಗಡಿನ ಖರ್ಚಲ್ಲಿ ಅರ್ಧ ನಂದು" ಅಂದ್ರು.

ಜೀಪು ಈಗ ಹೊಸದಾಯ್ತಾ ಅಂದ್ರೆ ಇಲ್ಲ. ಹಿಂದಿನ ನೆಲ ಪೂರ್ತಿ ಹೊಸದು, ಪಕ್ಕದ ತಗಡು ಹಳೇದು. ಬೆಳಕಿಗೆ ಸರಿಯಾಗಿ ನೋಡಿದ್ರೆ ತೇಪೆ ಕಾಣ್ತದೆ. ನೋಂದಣಿಯ ಅವಧಿ ಮುಗಿದದ್ದರಿಂದ ಸದ್ಯಕ್ಕೆ ರಸ್ತೆಗೆ ಇಳಿಸೋ ಹಾಗಿಲ್ಲ, ತೋಟದೊಳಗೆ ಮಾತ್ರ. ಬಣ್ಣ ಮೊದಲಿನ ಬೂದು. ಮೈಲುತುತ್ತ ಈಗ ಪ್ಲಾಸ್ಟಿಕ್ ಡ್ರಮ್ಮಲ್ಲಿ ಇಟ್ಟೇ ಜೀಪಿಗೆ ಹಾಕೋದು ಅಂತ ಕಟ್ಟುನಿಟ್ಟು ಮಾಡಿದ್ದೇನೆ. ಮೊದಲ ಸಲ ತೋಟಕ್ಕೆ ಹೊರಟಾಗ ಮಗ ಹಿಂದಿನ ಬಾಗಿಲು ತೆಗೆದ. ನಾನು ಹೋಗಿ ಮುಂದೆ ಕೂತೆ.

ನಿಮ್ಮನೇಲೂ ಹಳೇ ಜೀಪೋ, ಪಂಪುಸೆಟ್ಟೋ, ಹೊಲಿಗೆ ಮೆಷಿನ್ನೋ ತುಕ್ಕು ಹಿಡೀತಾ ಇದ್ರೆ ಗುಜರಿಗೆ ಹಾಕೋ ಮೊದಲು ಮನೆಯ ಹಿರೀ ಹೆಂಗಸರನ್ನು ಒಮ್ಮೆ ಕೇಳಿ, ಅದಕ್ಕೆ ದುಡ್ಡು ಎಲ್ಲಿಂದ ಬಂತು ಅಂತ. ಇದ್ದಾಗಲೇ ಕೇಳಿ. ನಾನು ಕೇಳ್ಲಿಲ್ಲ.

ಸರಿ, ಈ ವರ್ಷದ ಹಪ್ಪಳಕ್ಕೆ ಅಂಗಳ ಖಾಲಿ ಇದೆ. ಹಲಸಿನಕಾಯಿ ಇದ್ದವ್ರು ತಗೊಂಡು ಬನ್ನಿ.